‘ಮನೆಯಲ್ಲೇ ಮಾಡ್ಕೊಳ್ಳಿ’ ಅನ್ನುವವರಿಗೆ ಕೆಲವು ಪ್ರಶ್ನೆಗಳು

ನನ್ನ ಮಗ ಹುಟ್ಟಿದ ಮೊದಲ ಎರಡು ತಿಂಗಳ ಫೋಟೋಗಳನ್ನು ಈಗ ಸಾಲಾಗಿ ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ. ತೊಟ್ಟಿಲ ಶಾಸ್ತ್ರದ ದಿನದ್ದಿರಲಿ, ನನ್ನ ಅಪ್ಪನ ತೊಡೆಯ ಮೇಲೆ ಮಲಗಿದ್ದಿರಲಿ, ಸ್ನಾನ ಮುಗಿಸಿ ಬಟ್ಟೆಯಲ್ಲಿ ಸುತ್ತಿದ್ದಿರಲಿ, ಎಲ್ಲದರಲ್ಲೂ ತಲೆ ಬಲ ಭುಜದ ಕಡೆ ವಾಲಿದೆ, ಗದ್ದ ಎಡಕ್ಕೆ ತಿರುಗಿದೆ. ನೋಡಲು ಬಂದವರೊಬ್ಬರು ‘ಕೊಳಲು ಹಿಡಿದ ಕೃಷ್ಣನ ಹಾಗಿದ್ದಾನೆ’ ಅಂದರು. ನಾವೆಲ್ಲ ನಕ್ಕೆವು. ಆ ಫೋಟೋವನ್ನು ನಾನು ಸ್ಟೇಟಸ್ಸಿಗೂ ಹಾಕಿಕೊಂಡಿದ್ದೆ.

ಅದು ಭಂಗಿಯಲ್ಲ ಅಂತ ಮೊದಲು ಕಂಡುಹಿಡಿದದ್ದು ಮಗುವಿಗೆ ನೀರೆರೆಯಲು ಬರುತ್ತಿದ್ದ ಅಜ್ಜಿ. ಮೂರನೇ ವಾರದ ಒಂದು ಬೆಳಿಗ್ಗೆ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದವರ ಬೆರಳು ಕತ್ತಿನ ಬಲಗಡೆ ನಿಂತಿತು. ‘ಇಲ್ಲೊಂದು ಗಂಟು ಐತೆ ನೋಡಮ್ಮ, ಅದಕ್ಕೇ ಈ ಕಡೆಗೆ ತಿರುಗ್ತಿಲ್ಲ’ ಅಂದರು. ನಾಲ್ಕು ದಿನ ಹರಳೆಣ್ಣೆ ಹಾಕಿ ಗಟ್ಟಿಯಾಗಿ ತೀಡಿದರೆ ಕರಗುತ್ತೆ ಅಂತಲೂ ಅಂದರು. ನಾನು ಹೆದರಿ ಬೇಡ ಅಂದೆ. ಆ ವಾರವೇ ಇಂದಿರಾನಗರದ ಒಂದು ಖಾಸಗಿ ಆಸ್ಪತ್ರೆಗೆ ಓಡಿದೆವು. ಅಲ್ಲಿನ ಡಾಕ್ಟರು ಮಗುವಿನ ತೂಕ ನೋಡಿದರು, ಎದೆಗೆ ಸ್ಟೆತಾಸ್ಕೋಪ್ ಇಟ್ಟರು, ಕತ್ತನ್ನು ಮುಟ್ಟಲಿಲ್ಲ. ‘ಕೆಲವು ಮಕ್ಕಳು ಹಾಗೇ ಇರ್ತಾರೆ, ತಾನಾಗೇ ಸರಿಹೋಗುತ್ತೆ’ ಅಂದರು.

ಅಜ್ಜಿಯ ಬೆರಳಿಗೆ ಸಿಕ್ಕಿದ್ದು ಡಾಕ್ಟರ ಕಣ್ಣಿಗೆ ಬೀಳಲಿಲ್ಲ. ಡಾಕ್ಟರ ಪುಸ್ತಕದಲ್ಲಿ ಇರುವ ಮಾತು ಅಜ್ಜಿಯ ಬೆರಳಿನವರೆಗೆ ಬಂದಿರಲಿಲ್ಲ. ನನ್ನ ಇವತ್ತಿನ ಜಗಳ ಇರುವುದು ಈ ಎರಡರ ನಡುವಿನ ಜಾಗದ ಬಗ್ಗೆ.

ಇದರ ಹೆಸರು ಟಾರ್ಟಿಕಾಲಿಸ್. ಕಿವಿಯ ಹಿಂದಿನ ಮೂಳೆಯಿಂದ ಇಳಿದು ಎದೆಮೂಳೆ ಮತ್ತು ಕೊರಳೆಲುಬಿಗೆ ಸೇರುವ ಉದ್ದನೆಯ ಸ್ನಾಯುವೊಂದು ಕತ್ತಿನ ಎರಡೂ ಬದಿಗೆ ಇದೆ. ಕನ್ನಡಿಯ ಮುಂದೆ ನಿಂತು ಮುಖವನ್ನು ಒಂದು ಕಡೆ ತಿರುಗಿಸಿದರೆ ನಮ್ಮ ಕತ್ತಿನಲ್ಲೂ ಅದು ಹಗ್ಗದ ಹಾಗೆ ಎದ್ದು ಕಾಣುತ್ತದೆ. ಕೆಲವು ಶಿಶುಗಳಲ್ಲಿ ಒಂದು ಬದಿಯ ಸ್ನಾಯು ಗಿಡ್ಡವಾಗಿ, ಬಿಗಿಯಾಗಿ ಇರುತ್ತದೆ. ಬಲಗಡೆಯದು ಬಿಗಿದಿದ್ದರೆ ತಲೆ ಬಲಕ್ಕೆ ವಾಲುತ್ತದೆ, ಗದ್ದ ಎಡಕ್ಕೆ ತಿರುಗುತ್ತದೆ. ಹೊಟ್ಟೆಯೊಳಗೆ ಜಾಗ ಸಾಲದೆ ಮಗು ಒಂದೇ ಭಂಗಿಯಲ್ಲಿ ಇದ್ದದ್ದು, ತಲೆ ಮೇಲಾಗಿ ಕುಂಡೆ ಕೆಳಗಾಗಿ ಇದ್ದದ್ದು, ಹೆರಿಗೆಯಲ್ಲಿ ಇಕ್ಕಳ ಹಾಕಿ ಎಳೆದದ್ದು, ಹೀಗೆ ಹಲವು ಕಾರಣ ಹೇಳುತ್ತಾರೆ. ಸ್ನಾಯುವಿನೊಳಗೆ ಕೆಲವರಿಗೆ ಗಂಟು ಸಿಗುತ್ತದೆ. ಅದು ಕ್ಯಾನ್ಸರ್ ಅಲ್ಲ, ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಕರಗುತ್ತದೆ. ತೀಡಿ ಕರಗಿಸಬೇಕಾದದ್ದೂ ಅಲ್ಲ.

ಕಾರಣಗಳ ಆ ಪಟ್ಟಿಯಲ್ಲಿ ಇಲ್ಲದ ಒಂದು ಕಾರಣವನ್ನು ನಮ್ಮ ಮನೆಯಲ್ಲಿ ಮೊದಲ ದಿನವೇ ಹೇಳಲಾಯಿತು. ‘ನೀನು ಒಂದೇ ಮಗ್ಗುಲಿಗೆ ಹಾಕ್ಕೊಂಡು ಹಾಲು ಕೊಡ್ತೀಯಲ್ಲ, ಅದಕ್ಕೇ’ ಎಂದು ನನ್ನ ಅತ್ತೆ ಅಂದರು. ನಿಜ ತಲೆಕೆಳಗಾಗಿತ್ತು. ಇನ್ನೊಂದು ಮಗ್ಗುಲಿಗೆ ಹಾಕಿಕೊಂಡರೆ ಅವನಿಗೆ ಕತ್ತು ತಿರುಗಿಸಲು ಬರುತ್ತಿರಲಿಲ್ಲ, ಕಿರುಚುತ್ತಿದ್ದ, ನಾನು ಸೋತು ಮೊದಲಿನ ಮಗ್ಗುಲಿಗೇ ಹಾಕಿಕೊಳ್ಳುತ್ತಿದ್ದೆ. ಬಾಣಂತಿಯ ಮೇಲೆ ಹೊರಿಸುವುದಕ್ಕೆ ಮಗುವಿನ ಯಾವ ತೊಂದರೆಯಾದರೂ ಆಗುತ್ತದೆ.

ಈಗ ಲೆಕ್ಕಕ್ಕೆ ಬನ್ನಿ. ಅಮೆರಿಕದ ಫಿಸಿಯೋಥೆರಪಿಸ್ಟರ ಸಂಘ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೊಂದು ಇದೆ. ಮಗುವಿಗೆ ತಿಂಗಳು ತುಂಬುವ ಮೊದಲೇ ಆರೈಕೆ ಶುರುವಾದರೆ ನೂರಕ್ಕೆ 98 ಶಿಶುಗಳ ಕತ್ತು ಸುಮಾರು ಒಂದೂವರೆ ತಿಂಗಳಲ್ಲಿ ಸರಾಗವಾಗಿ ತಿರುಗುತ್ತದೆ ಎನ್ನುತ್ತದೆ ಅದು. ಒಂದು ತಿಂಗಳು ದಾಟಿ ಶುರು ಮಾಡಿದರೆ ಸುಮಾರು ಆರು ತಿಂಗಳು ಬೇಕು. ಆರು ತಿಂಗಳು ದಾಟಿದ ಮೇಲೆ ಒಂಬತ್ತು ಹತ್ತು ತಿಂಗಳು, ಆಗಲೂ ಪೂರ್ತಿ ಸರಿಹೋಗುವ ಮಕ್ಕಳ ಸಂಖ್ಯೆ ಕಡಿಮೆ. ಅಷ್ಟರಲ್ಲಿ ಒಂದೇ ಮಗ್ಗುಲಿಗೆ ಮಲಗಿ ತಲೆಯ ಒಂದು ಬದಿ ಚಪ್ಪಟೆಯಾಗುತ್ತದೆ. ವರ್ಷ ದಾಟಿದರೂ ಬಗ್ಗದ ಕೆಲವು ಮಕ್ಕಳಿಗೆ ಆಪರೇಷನ್ ಬೇಕಾಗುತ್ತದೆ. ‘ಕಾದು ನೋಡೋಣ’ ಅನ್ನುವುದು ಅನೇಕ ಕಾಯಿಲೆಗಳಿಗೆ ಒಳ್ಳೆಯ ಸಲಹೆ. ಇದಕ್ಕೆ ಮಾತ್ರ ಅಲ್ಲ. ಇಲ್ಲಿ ಕಾಯುವ ಒಂದೊಂದು ವಾರವನ್ನೂ ಮಗು ಮುಂದೆ ತಿಂಗಳುಗಳಲ್ಲಿ ತೀರಿಸುತ್ತದೆ.

ನಮ್ಮ ಪುಣ್ಯಕ್ಕೆ ಗೆಳತಿಯೊಬ್ಬಳು ಎಂಟನೇ ವಾರದಲ್ಲಿ ಒಬ್ಬ ಮಕ್ಕಳ ಫಿಸಿಯೋಥೆರಪಿಸ್ಟರ ಹತ್ತಿರ ಕಳಿಸಿದಳು. ಅವರು ಮೊದಲು ಇದು ಸ್ನಾಯುವಿನ ಬಿಗಿತವೇ ಹೌದೋ ಅಂತ ಖಚಿತ ಮಾಡಿಕೊಂಡರು. ಕಣ್ಣಿನ ದೋಷದಿಂದಲೂ ತಲೆ ವಾಲಬಹುದು, ಕತ್ತಿನ ಮೂಳೆ ಸರಿಯಾಗಿ ರೂಪುಗೊಳ್ಳದೆಯೂ ವಾಲಬಹುದು. ಇಂಥ ಕೆಲವು ಮಕ್ಕಳಿಗೆ ಸೊಂಟದ ಕೀಲೂ ಸಡಿಲ ಇರುತ್ತದೆ ಎಂದು ಅದನ್ನೂ ನೋಡಿಸಿದರು. ಆಮೇಲೆ ಮಗುವನ್ನು ಬಿಟ್ಟು ನನ್ನ ಕೈ ಹಿಡಿದರು. ನನ್ನ ಮುಂಗೈ ಮೇಲೆ ತಮ್ಮ ಬೆರಳು ಇಟ್ಟು ಒತ್ತಿ ‘ಇಷ್ಟೇ ಒತ್ತಡ, ಇದಕ್ಕಿಂತ ಹೆಚ್ಚು ಬೇಡ’ ಅಂದರು. ನಾನು ಅವರ ಮುಂಗೈ ಮೇಲೆ ಒತ್ತಿ ತೋರಿಸಬೇಕು. ಮೂರು ಸಲ ‘ಜಾಸ್ತಿ ಆಯ್ತು’ ಅಂದರು. ನಾಲ್ಕನೇ ಸಲ ಒಪ್ಪಿದರು.

ಆಮೇಲೆ ಮಗು. ಒಂದು ಕೈ ಅವನ ಬಲ ಭುಜದ ಮೇಲೆ, ಭುಜ ಮೇಲಕ್ಕೆ ಏಳದ ಹಾಗೆ. ಇನ್ನೊಂದು ಕೈಯಲ್ಲಿ ತಲೆಯನ್ನು ಅಂಗೈ ತುಂಬ ಹಿಡಿದು, ಎಡ ಕಿವಿ ಎಡ ಭುಜದ ಕಡೆಗೆ ನಿಧಾನ ಬರುವ ಹಾಗೆ. ಎಲ್ಲಿ ತಡೆ ಸಿಗುತ್ತದೋ ಅಲ್ಲಿ ನಿಲ್ಲಬೇಕು, ಎಳೆಯಬಾರದು. ಹದಿನೈದು ಇಪ್ಪತ್ತು ಎಣಿಸುವವರೆಗೆ ಹಾಗೇ ಹಿಡಿದು ಬಿಡಬೇಕು. ಆಮೇಲೆ ಅದೇ ರೀತಿ ಗದ್ದವನ್ನು ಬಲ ಭುಜದ ಕಡೆಗೆ ತಿರುಗಿಸುವುದು. ಮಗು ಪ್ರತಿರೋಧ ತೋರಿಸಿದರೆ, ಅತ್ತರೆ, ಮುಖದ ಬಣ್ಣ ಬದಲಾದರೆ ತಕ್ಷಣ ಬಿಡಬೇಕು. ಪ್ರತಿ ಸಲ ಬಟ್ಟೆ ಬದಲಾಯಿಸುವಾಗ ಮಾಡಿದರೆ ಬೇರೆ ಹೊತ್ತು ಹುಡುಕಬೇಕಾಗಿಲ್ಲ.

ಕೈಯ ಕೆಲಸದಷ್ಟೇ ಮುಖ್ಯವಾದದ್ದು ಮನೆಯ ವ್ಯವಸ್ಥೆ ಅಂದರು. ಗಿಲಕಿ, ಬೆಳಕು, ನಮ್ಮ ಮುಖ ಎಲ್ಲವೂ ಬಲಗಡೆಯಿಂದ ಬರಬೇಕು. ಎಚ್ಚರ ಇದ್ದಾಗ ನಮ್ಮ ಕಣ್ಣೆದುರು ಹೊಟ್ಟೆಯ ಮೇಲೆ ಮಲಗಿಸಬೇಕು, ನಿದ್ದೆಗೆ ಮಾತ್ರ ಅಂಗಾತ. ತಲೆದಿಂಬು ಬೇಡ, ತಲೆ ಗುಂಡಗಾಗಲಿ ಅಂತ ನಮ್ಮಕ್ಕ ತಂದಿದ್ದ ಸಾಸಿವೆ ದಿಂಬೂ ಬೇಡ. ಹಾಸಿಗೆಯಲ್ಲಿ ತಲೆಯ ದಿಕ್ಕು ಬದಲಿಸಿ ಅಂದಾಗ ಮನೆಯಲ್ಲಿ ಇನ್ನೊಂದು ಯುದ್ಧ. ‘ಉತ್ತರಕ್ಕೆ ತಲೆ ಹಾಕಿ ಮಲಗಿಸ್ತೀಯಾ ಮಗೂನ?’ ಕೊನೆಗೆ ಮಗುವಿನ ದಿಕ್ಕು ಹಾಗೇ ಉಳಿಯಿತು, ನಾನೇ ಅವನ ಎಡದಿಂದ ಬಲಕ್ಕೆ ಬಂದು ಮಲಗಿದೆ. ಎಲ್ಲರಿಗೂ ಸಮಾಧಾನವಾಯಿತು.

ಏಳನೇ ತಿಂಗಳಿಗೆ ಅವನ ಕತ್ತು ಎರಡೂ ಕಡೆ ಸಲೀಸಾಗಿ ತಿರುಗಿತು. ಹತ್ತು ಸಲ ಹೋಗಿದ್ದೆವು, ಒಂದು ಸಲಕ್ಕೆ ಎಂಟುನೂರು ರೂಪಾಯಿ. ನನಗೆ ಆರು ತಿಂಗಳ ರಜೆ ಇತ್ತು. ಗಂಡನಿಗೆ ಮನೆಯಿಂದ ಕೆಲಸ. ಅತ್ತೆ ಇದ್ದರು, ಎರೆಯುವ ಅಜ್ಜಿ ಇದ್ದರು, ಅವರಿಗೂ ಆ ಒತ್ತಡವನ್ನು ಮುಂಗೈ ಮೇಲೆ ತೋರಿಸಿ ಕಲಿಸಿದೆವು. ಆ ಅಜ್ಜಿ ನನಗಿಂತ ಬೇಗ ಕಲಿತರು. ಹಾಗಾಗಿ ‘ಮನೆಯಲ್ಲೇ ಮಾಡ್ಕೊಳ್ಳಿ’ ಅನ್ನುವ ಮಾತು ನಮ್ಮ ಮಟ್ಟಿಗೆ ನಿಜವಾಯಿತು. ಇದೇ ಮಾತನ್ನು ನಾನು ಇನ್ನೊಬ್ಬರಿಗೆ ಹೇಳಿದ ಕಥೆ ಈಗ ಹೇಳಬೇಕು.

ನಮ್ಮ ಮನೆಗೆ ಕೆಲಸಕ್ಕೆ ಬರುವವರು ಕೋಲಾರದ ಕಡೆಯವರು. ನನಗಿಂತ ಹದಿನೈದು ವರ್ಷ ದೊಡ್ಡವರು, ಆದರೂ ನನ್ನನ್ನು ‘ಅಕ್ಕ’ ಅನ್ನುತ್ತಾರೆ, ನಾನು ‘ಅಮ್ಮ’ ಅನ್ನುತ್ತೇನೆ. ನಾವಿರುವುದು ಹಲಸೂರಿನಲ್ಲಿ, ಅವರ ಮಗಳು ಇರುವುದು ಕೆ.ಆರ್. ಪುರದ ಹತ್ತಿರ. ನೇರಳೆ ಮಾರ್ಗದ ಮೆಟ್ರೋದಲ್ಲಿ ಹಲಸೂರಿನಿಂದ ಐದನೇ ಸ್ಟೇಷನ್. ಮಗಳಿಗೆ ಹೆಣ್ಣು ಮಗುವಾಯಿತು. ಎರಡನೇ ತಿಂಗಳಲ್ಲಿ ಅವರು ನನಗೆ ಮೊಬೈಲಿನಲ್ಲಿ ಫೋಟೋ ತೋರಿಸಿದರು. ತಲೆ ಬಲಕ್ಕೆ, ಗದ್ದ ಎಡಕ್ಕೆ. ನನಗೆ ಒಂದು ಕ್ಷಣ ನನ್ನ ಮಗನ ಫೋಟೋ ಅನ್ನಿಸಿತು.

ಆಸ್ಪತ್ರೆಯಲ್ಲಿ ತೋರಿಸಿದ್ದೀರಾ ಅಂತ ಕೇಳಿದೆ. ತೋರಿಸಿದ್ದರು. ಆರನೇ ವಾರದ ಚುಚ್ಚುಮದ್ದಿಗೆ ಹೋದಾಗ ಮಗಳೇ ಕೇಳಿದ್ದಳು. ‘ಮನೆಯಲ್ಲೇ ಕತ್ತು ತಿರುಗಿಸ್ತಾ ಇರಿ’ ಎಂದು ಒಂದು ಹಾಳೆ ಕೊಟ್ಟಿದ್ದರು. ಹಾಳೆ ಇಂಗ್ಲಿಷಿನಲ್ಲಿತ್ತು, ಮೂರು ಸಲ ಜೆರಾಕ್ಸ್ ಆಗಿ ಚಿತ್ರದಲ್ಲಿ ಬಾಣದ ಗುರುತು ಯಾವ ಕಡೆಗಿದೆ ಅಂತಲೇ ಕಾಣುತ್ತಿರಲಿಲ್ಲ. ಎಡವೋ ಬಲವೋ ಗೊತ್ತಾಗದ ಹಾಳೆ ಇದು. ತಪ್ಪು ಕಡೆಗೆ ಮಾಡಿದರೆ ಬಿಗಿದ ಸ್ನಾಯುವಿಗೆ ಏನೂ ಆಗುವುದಿಲ್ಲ.

ನಾನೇನು ಮಾಡಿದೆ? ‘ಏನೂ ಭಯ ಇಲ್ಲ ಅಮ್ಮ, ನನ್ನ ಮಗನಿಗೂ ಹಿಂಗೇ ಇತ್ತು, ಮನೆಯಲ್ಲೇ ಮಾಡ್ಕೊಂಡ್ರೆ ಆಯ್ತು’ ಅಂದೆ. ಒಂದು ವೀಡಿಯೋ ಹುಡುಕಿ ಅವರ ಮಗಳ ನಂಬರಿಗೆ ಕಳಿಸಿದೆ. ಎರಡು ನೀಲಿ ಗೆರೆ ಬಂದವು. ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ಆ ಹುಡುಗಿ ಇಂದಿರಾನಗರದಲ್ಲಿ ಮೂರು ಮನೆ ಕೆಲಸ ಮಾಡುತ್ತಿದ್ದವಳು. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ ಎಂದು ಕಾನೂನು ಹೇಳುತ್ತದೆ. ಅದು ಹತ್ತಕ್ಕಿಂತ ಕಡಿಮೆಯಿಲ್ಲದಷ್ಟು ಜನ ಕೆಲಸ ಮಾಡುವ ಕಡೆಗೆ. ಮನೆಗೆಲಸದವರಿಗೆ ಆ ಕಾನೂನು ಇಲ್ಲ, ಅವರಿಗೆ ಸಿಗುವುದು ಕೆಲಸ ಕೊಟ್ಟವರ ಮನಸ್ಸು. ಮಗುವಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಅವಳು ಮತ್ತೆ ಪಾತ್ರೆ ತೊಳೆಯುತ್ತಿದ್ದಳು. ಮಗು ಪಕ್ಕದ ಮನೆಯ ಮುದುಕಿಯ ಹತ್ತಿರ, ಸೀರೆ ಕಟ್ಟಿದ ಜೋಲಿಯಲ್ಲಿ, ದಿನಕ್ಕೆ ಆರು ಗಂಟೆ ಒಂದೇ ಮಗ್ಗುಲಿಗೆ. ವೀಡಿಯೋ ನೋಡಿ ಎರಡು ದಿನ ಪ್ರಯತ್ನಿಸಿದ್ದಳಂತೆ. ಮಗು ಕಿರುಚಿತು. ‘ಕತ್ತು ಮುರಿದುಬಿಟ್ಟರೆ?’ ಎಂದು ಹೆದರಿ ನಿಲ್ಲಿಸಿದಳು. ಹೆದರಿದ್ದು ಸರಿಯಾಗಿಯೇ ಇತ್ತು. ಕೈಗೆ ಕಲಿಸದೆ ಕಣ್ಣಿಗೆ ತೋರಿಸಿದರೆ ಯಾವ ತಾಯಿಗಾದರೂ ಹೆದರಿಕೆಯಾಗಬೇಕು. ಒತ್ತಡ ವೀಡಿಯೋದಲ್ಲಿ ಕಾಣುವುದಿಲ್ಲ.

ಏಳನೇ ತಿಂಗಳಲ್ಲಿ ನಾನು ಆ ಮಗುವನ್ನು ಮೊದಲ ಸಲ ಎತ್ತಿಕೊಂಡೆ. ತಲೆಯ ಹಿಂಭಾಗದ ಒಂದು ಬದಿ ನನ್ನ ಅಂಗೈಗೆ ಚಪ್ಪಟೆಯಾಗಿ ಸಿಕ್ಕಿತು. ಅಲ್ಲಿಂದ ಹಿಡಿದು ಈಗ ಒಂದು ವರ್ಷವಾಗುತ್ತಾ ಬಂತು, ವಾರಕ್ಕೊಂದು ದಿನ ಅಜ್ಜಿ ಇಲ್ಲವೇ ತಾಯಿ ಕೂಲಿ ಬಿಟ್ಟು ಥೆರಪಿಗೆ ಹೋಗುತ್ತಾರೆ. ಸುಧಾರಿಸಿದೆ, ಪೂರ್ತಿ ನೆಟ್ಟಗಾಗಿಲ್ಲ. ಎರಡು ಮಕ್ಕಳಿಗೂ ಒಂದೇ ಸ್ನಾಯು, ಒಂದೇ ಬದಿ, ಒಂದೇ ಸಲಹೆ. ನಡುವೆ ಐದು ಸ್ಟೇಷನ್ನಿನ ದೂರ.

ಆದ್ದರಿಂದ ಕೇಳುತ್ತೇನೆ. ‘ಮನೆಯಲ್ಲೇ ಮಾಡ್ಕೊಳ್ಳಿ’ ಅನ್ನುವಾಗ ನಿಮ್ಮ ಕಣ್ಣ ಮುಂದೆ ಇರುವ ಮನೆ ಯಾವುದು? ದಿನಕ್ಕೆ ಐದಾರು ಸಲ ಬಿಡುವಾಗಿರುವ ಕೈ ಯಾರದು? ಈ ಚಿಕಿತ್ಸೆ ಅಗ್ಗ, ಔಷಧಿ ಬೇಡ, ಯಂತ್ರ ಬೇಡ ಅನ್ನುತ್ತಾರೆ. ಅಗ್ಗ ಯಾಕೆಂದರೆ ತಾಯಿಯ ಹೊತ್ತಿಗೆ ನಾವು ಬೆಲೆ ಹಾಕಿಲ್ಲ. ನಾನು ಮನೆಯ ಆರೈಕೆಯ ವಿರೋಧಿಯಲ್ಲ. ನನ್ನ ಮಗ ಸರಿಹೋದದ್ದೇ ಅದರಿಂದ. ಆದರೆ ಕಲಿಸುವುದೂ ಚಿಕಿತ್ಸೆಯ ಭಾಗ. ಹಾಳೆ ಕೊಟ್ಟು ಕಳಿಸಿದರೆ ಚಿಕಿತ್ಸೆ ಶುರುವಾಗಿಲ್ಲ ಅಂತಲೇ ಅರ್ಥ.

ಸರ್ಕಾರದ ಕಡೆ ನೋಡಿದರೆ ಕೋಪ ಇನ್ನೂ ಹೆಚ್ಚಾಗುತ್ತದೆ, ಯಾಕೆಂದರೆ ಬೇಕಾದದ್ದೆಲ್ಲ ಅಲ್ಲೇ ಇದೆ. ಮಕ್ಕಳ ಆರೋಗ್ಯ ತಪಾಸಣೆಯ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಅದರ ಪಟ್ಟಿಯಲ್ಲಿ ಆಗ 30 ತೊಂದರೆಗಳಿದ್ದವು. ಸೀಳುತುಟಿ ಇದೆ, ಸೊಟ್ಟಪಾದ ಇದೆ, ಸೊಂಟದ ಕೀಲು ತಪ್ಪಿರುವುದು ಇದೆ. ಕತ್ತು ಇಲ್ಲ. ಸಾವಿರ ಶಿಶುಗಳಲ್ಲಿ ಮೂರರಿಂದ ಇಪ್ಪತ್ತು ಮಕ್ಕಳಿಗೆ ಬರುವ ತೊಂದರೆ ಎಂದು ವೈದ್ಯಕೀಯ ಪುಸ್ತಕಗಳು ಬಹುಕಾಲದಿಂದ ಹೇಳುತ್ತಿವೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೂ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಹೋಗಬೇಕು. ಆರು ಭೇಟಿ. ಮಾರ್ಗಸೂಚಿ ಹೇಳುವ ಆ ಚಿನ್ನದಂಥ ಮೊದಲ ತಿಂಗಳಲ್ಲೇ ಐದು! ಮಗುವಿನ ತೂಕ ನೋಡುತ್ತಾರೆ, ಜ್ವರ ನೋಡುತ್ತಾರೆ, ಹೊಕ್ಕುಳು ನೋಡುತ್ತಾರೆ. ‘ಮಗು ಎರಡೂ ಕಡೆ ಕತ್ತು ತಿರುಗಿಸುತ್ತದೆಯೇ?’ ಅನ್ನುವ ಒಂದು ಸಾಲು ಸೇರಿಸಲು ಎಷ್ಟು ಕೋಟಿ ಬೇಕು?

ಆಶಾ ಅಕ್ಕಂದಿರ ಮೇಲೆ ಇನ್ನೊಂದು ಹೊರೆಯೇ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆ ಎಲ್ಲ ಭೇಟಿಗಳಿಗೂ ಸೇರಿಸಿ ಅವರಿಗೆ ನಿಗದಿಯಾಗಿರುವ ಪ್ರೋತ್ಸಾಹಧನ 250 ರೂಪಾಯಿ. 2025ರ ಜನವರಿಯ ಚಳಿಯಲ್ಲಿ ಅವರು ಫ್ರೀಡಂ ಪಾರ್ಕಿನಲ್ಲಿ ಗೌರವಧನಕ್ಕಾಗಿ ಕೂತದ್ದನ್ನು ನಾವು ನೋಡಿದ್ದೇವೆ. ಸಾಲು ಸೇರಿಸುವವರು ಹಣವನ್ನೂ ಸೇರಿಸಬೇಕು. ಅದನ್ನು ಹೇಳದೆ ಅವರ ಚೀಲಕ್ಕೆ ಇನ್ನೊಂದು ಫಾರಂ ತುರುಕುವುದೂ ಒಂದು ಬಗೆಯ ‘ನೀವೇ ಮಾಡ್ಕೊಳ್ಳಿ’.

ಇನ್ನು ಕೆಲವರು ‘ಬಹಳ ಮಕ್ಕಳಿಗೆ ತಾನಾಗೇ ಸರಿಯಾಗುತ್ತೆ, ತಾಯಂದಿರನ್ನು ಸುಮ್ಮನೆ ಹೆದರಿಸಬೇಡಿ’ ಅನ್ನುತ್ತಾರೆ. ಹೌದು, ಸಣ್ಣ ಬಿಗಿತ ಇರುವ ಎಷ್ಟೋ ಮಕ್ಕಳು ಸರಿಹೋಗುತ್ತವೆ. ಆದರೆ ಯಾವ ಮಗು ಸರಿಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂದು ಮುಟ್ಟದೆ ಹೇಗೆ ಗೊತ್ತಾಗುತ್ತದೆ? ಹೆದರಿಕೆ ಹುಟ್ಟುವುದು ಹೆಸರು ಹೇಳಿದ್ದರಿಂದಲ್ಲ. ಹೆಸರು ಹೇಳದೆ ಬಿಟ್ಟಾಗ ಆ ಖಾಲಿ ಜಾಗಕ್ಕೆ ಸಾಸಿವೆ ದಿಂಬು ಬರುತ್ತದೆ, ‘ಉಳುಕು ತೆಗೀತೀನಿ’ ಅನ್ನುವವರು ಬರುತ್ತಾರೆ, ದುಬಾರಿ ಹೆಲ್ಮೆಟ್ಟಿನ ಜಾಹೀರಾತು ಬರುತ್ತದೆ. ಶಿಶುವಿನ ಕತ್ತನ್ನು ಲಟಕ್ಕೆಂದು ತಿರುಗಿಸುವ ಕೈಗೆ ಮಗುವನ್ನು ಯಾವ ಕಾರಣಕ್ಕೂ ಕೊಡಬೇಡಿ. ಆದರೆ ಅಂಥವರ ಬಾಗಿಲಿಗೆ ತಾಯಿಯನ್ನು ಕಳಿಸಿದವರು ಯಾರು ಎಂದೂ ಕೇಳಿಕೊಳ್ಳಿ.

ಎರೆಯುವ ಅಜ್ಜಿಯರನ್ನು ಈ ಸಾಲಿಗೆ ಸೇರಿಸಲು ನಾನು ಒಪ್ಪುವುದಿಲ್ಲ. ಮೂಗಿಗೆ ಎಣ್ಣೆ ಬಿಡುವುದು, ತಲೆ ಒತ್ತಿ ಆಕಾರ ಕೊಡುವುದು ನಿಲ್ಲಬೇಕು, ಸರಿ. ಆದರೆ ದಂಡು ಪ್ರದೇಶದ ಈ ಗಲ್ಲಿಗಳಲ್ಲಿ ತಮಿಳು, ಉರ್ದು, ತೆಲುಗು, ಕನ್ನಡ ಎಲ್ಲ ಮಾತಿನ ಮನೆಯಲ್ಲೂ ಶಿಶುವಿನ ಮೈಯನ್ನು ದಿನಾ ಮುಟ್ಟುವ ಕೈ ಅವರದು. ನಮ್ಮ ಮಗನ ಗಂಟು ಸಿಕ್ಕಿದ್ದು ಆ ಕೈಗೆ. ಬೈದು ಅಟ್ಟುವ ಬದಲು ಮುಂಗೈ ಮೇಲೆ ಒತ್ತಿ ತೋರಿಸಿ. ಹಾಳೆಗೆ ನಾಲ್ಕು ಭಾಷೆಯ ಅನುವಾದ ಬೇಕು, ಕೈಗೆ ಬೇಡ.

ಕೇಳುತ್ತಿರುವುದು ಇಷ್ಟೇ. ಶಿವಾಜಿನಗರದ ಬೌರಿಂಗ್ ಮತ್ತು ಘೋಷಾ ಆಸ್ಪತ್ರೆ, ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆ, ಕೆ.ಆರ್. ಪುರದ ಸಾರ್ವಜನಿಕ ಆಸ್ಪತ್ರೆ ಇಂಥ ಕಡೆ ಚುಚ್ಚುಮದ್ದಿನ ದಿನ ಒಬ್ಬ ಫಿಸಿಯೋಥೆರಪಿಸ್ಟ್ ಒಂದು ಚಾಪೆ ಹಾಸಿಕೊಂಡು ಕೂರಲಿ. ಆರು, ಹತ್ತು, ಹದಿನಾಲ್ಕನೇ ವಾರಕ್ಕೆ ತಾಯಂದಿರು ಹೇಗೂ ಬರುತ್ತಾರೆ, ಗಂಟೆಗಟ್ಟಲೆ ಕಾಯುತ್ತಾರೆ. ಆ ಕಾಯುವ ಹೊತ್ತಿನಲ್ಲಿ ಕತ್ತು ನೋಡಿ, ಬೇಕಾದವರಿಗೆ ಕೈ ಹಿಡಿದು ಕಲಿಸಲಿ, ಎರಡು ವಾರಕ್ಕೆ ಮತ್ತೆ ಕರೆದು ‘ನೀವು ಮಾಡಿ, ನಾನು ನೋಡ್ತೀನಿ’ ಅನ್ನಲಿ. ತಾಯಿ ಕಾರ್ಡಿನಲ್ಲಿ ಕತ್ತಿಗೆ ಒಂದು ಸಾಲು ಇರಲಿ. ಜೊತೆಯಲ್ಲಿ ಬಂದ ಗಂಡಸರು ಹೊರಗೆ ಟೀ ಕುಡಿಯುತ್ತಾ ನಿಲ್ಲದೆ ಅವರೂ ಕಲಿಯಲಿ. ಅಪ್ಪನ ಕೈಗೂ ಐದು ಬೆರಳಿವೆ.

ಇದನ್ನು ಓದುತ್ತಿರುವ ನನ್ನಂಥವರಿಗೆ ಒಂದು ಮಾತು. ನಿಮ್ಮ ಮನೆಯಲ್ಲಿ ಕೆಲಸ ಮಾಡುವವರ ಮಗಳಿಗೋ ಸೊಸೆಗೋ ಮಗುವಾಗಿದ್ದರೆ ವೀಡಿಯೋ ಕಳಿಸಬೇಡಿ. ಮಗುವನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಹೋಗಿ ಬರಲು ಒಂದು ದಿನದ ಸಂಬಳ ಸಹಿತ ರಜೆ ಕೊಡಿ, ಆಮೇಲೆ ಆರೈಕೆ ಮುಗಿಯುವವರೆಗೂ ಪ್ರತಿ ವಾರ ಕೊಡಿ. ನಾನು ಅದನ್ನು ಮೂರನೇ ತಿಂಗಳಲ್ಲಿ ಮಾಡಿದ್ದರೆ ಆ ಮಗು ಈಗ ಬಲಗಡೆಯಿಂದ ಕರೆದವರನ್ನು ನೋಡಲು ಇಡೀ ಮೈ ತಿರುಗಿಸಬೇಕಾಗಿರಲಿಲ್ಲ.

ಹೋದ ಭಾನುವಾರ ಅವರ ಮನೆಗೆ ಹೋಗಿದ್ದೆ. ಜೋಲಿ ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಮುದುಕಿಯೂ ಬಂದು ಕೂತರು. ನಾನು ಅವರ ಮುಂಗೈ ಮೇಲೆ ಬೆರಳಿಟ್ಟು ಒತ್ತಿದೆ, ಅವರು ನನ್ನ ಮುಂಗೈ ಮೇಲೆ. ಎರಡನೇ ಸಲಕ್ಕೇ ಸರಿಯಾಗಿತ್ತು. ‘ಇಷ್ಟೇನಾ? ಇದನ್ನ ಮೊದಲೇ ಯಾರಾದ್ರೂ ತೋರಿಸಬಾರದಿತ್ತಾ?’ ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ.